ಸ್ಟೀಲ್ ಶೀಟಿನೊಳಗಿನ ಮುಖ

ಮೂವತ್ತು ಚಿತ್ರ ಕಳಿಸಿದ್ದೆ, ಇಪ್ಪತ್ತೆಂಟು ವಾಪಸ್ ಬಂದವು. ಒಂದೊಂದರ ಕೆಳಗೂ ಒಂದೊಂದು ಸಾಲಿನ ಕಾರಣ. ‘ಗಾಜಿನಲ್ಲಿ ಕಂಪನಿಯ ಹೆಸರು ಕಾಣುತ್ತಿದೆ.’ ‘ಗುರುತು ಹತ್ತುವ ಮುಖ, ಒಪ್ಪಿಗೆ ಪತ್ರವಿಲ್ಲ.’ ‘ಛಾಯಾಗ್ರಾಹಕರ ಬಿಂಬ ಕಾಣುತ್ತಿದೆ.’ ಈ ಕೊನೆಯದು ನಾಲ್ಕು ಕಡೆ ಇತ್ತು. ದೊಡ್ಡದು ಮಾಡಿ ನೋಡಿದೆ. ಹೌದು, ವೈಟ್‌ಫೀಲ್ಡಿನ ಒಂದು ಹನ್ನೆರಡಂತಸ್ತಿನ ಕಟ್ಟಡದ ನೀಲಿ ಗಾಜಿನ ತಳದಲ್ಲಿ, ಟ್ರೈಪಾಡಿನ ಪಕ್ಕ ಬಗ್ಗಿ ನಿಂತಿದ್ದ ಒಬ್ಬ ಹೆಂಗಸು. ಹೆಗಲಿಗೆ ಚೀಲ, ತಲೆಗೆ ದುಪಟ್ಟ. ನಾನೇ.

ನಾನು ತೆಗೆಯುವುದು ಸ್ಟಾಕ್ ಫೋಟೊ. ಇಂಥ ಮದುವೆಗೆ, ಇಂಥ ಅಂಗಡಿಗೆ ಎಂದು ತೆಗೆಯುವ ಚಿತ್ರವಲ್ಲ. ತೆಗೆದು ಒಂದು ಸಂಸ್ಥೆಯ ಜಾಲತಾಣದಲ್ಲಿ ಇಟ್ಟಿರುತ್ತೇವೆ. ಪುಸ್ತಕ ಮಾಡುವವರು, ಆಸ್ಪತ್ರೆಯವರು, ಬ್ಯಾಂಕಿನವರು, ಯಾರಿಗೆ ಬೇಕೋ ಅವರು ಹುಡುಕಿ ಕೊಂಡುಕೊಳ್ಳುತ್ತಾರೆ. ಯಾರು ಬೇಕಾದರೂ ಕೊಳ್ಳಬಹುದಾದ್ದರಿಂದ ಅದರಲ್ಲಿ ಇನ್ನೊಬ್ಬರ ಹೆಸರು, ಗುರುತು, ಒಪ್ಪಿಗೆಯಿಲ್ಲದ ಮುಖ ಯಾವುದೂ ಇರುವಂತಿಲ್ಲ. ಈ ನಿಯಮ ನನಗೆ ಹೊಸದಲ್ಲ. ಹೊಸದಾಗಿದ್ದು ವಿಷಯ. ಸಂಸ್ಥೆಯ ಸಂಪಾದಕಿ ನಮ್ಮಲ್ಲಿ ಕೆಲವರನ್ನು ಮಾತ್ರ ಆರಿಸಿ, ‘ಕೆಲಸದ ಜಾಗದಲ್ಲಿ ಪ್ರತಿಬಿಂಬ’ ಎಂಬ ವಿಶೇಷ ಸಂಗ್ರಹಕ್ಕೆ ತಲಾ ಮೂವತ್ತು ಚಿತ್ರ ಕೇಳಿದ್ದರು. ಒಂದು ತಿಂಗಳ ಗಡುವು. ಇಂಥ ಕರೆ ನನಗೆ ಬಂದಿದ್ದು ಅದೇ ಮೊದಲು.

ಪ್ರತಿಬಿಂಬ ಅಂದರೆ ಗಾಜು, ಗಾಜು ಅಂದರೆ ಟೆಕ್ ಪಾರ್ಕ್ ಎಂದು ನಾನು ಯೋಚನೆಯನ್ನೇ ಮಾಡದೆ ಹೊರಟಿದ್ದೆ. ಮನೆ ಮಹದೇವಪುರದಲ್ಲಿ, ಸುತ್ತ ಎಲ್ಲಿ ತಿರುಗಿದರೂ ಗಾಜಿನ ಗೋಡೆ. ಬೆಳಿಗ್ಗೆ ಆರೂವರೆಯ ಬೆಳಕಿಗೆ ಎರಡು ವಾರ ಅಲೆದೆ. ಗೇಟಿನೊಳಗೆ ಸೆಕ್ಯುರಿಟಿಯವರು ಬಿಡಲಿಲ್ಲ. ಫುಟ್‌ಪಾತಿನಿಂದ ತೆಗೆದರೆ ಎದುರು ಕಟ್ಟಡದ ಮೇಲಿನ ಹೆಸರು ಗಾಜಿನಲ್ಲಿ ಉಲ್ಟಾ ಮೂಡುತ್ತಿತ್ತು. ಉಲ್ಟಾ ಇದ್ದರೆ ಯಾರು ಓದುತ್ತಾರೆ ಅಂದುಕೊಂಡೆ. ಸಂಸ್ಥೆಯ ಪರಿಶೀಲಕರು ಓದಿದರು.

ಇಪ್ಪತ್ತೆಂಟು ಚಿತ್ರ ವಾಪಸ್ ಬಂದ ದಿನ ನಾನು ಮಾಡಬಾರದ ಕೆಲಸ ಮಾಡಿದೆ. ಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್, ಕಾಫಿ ಕಪ್ಪು, ಕನ್ನಡಕ, ಹೀಗೆ ಒಂದಷ್ಟು ಸಾಮಾನಿಟ್ಟು ಫೋಟೊ ತೆಗೆದೆ. ಕಂಪ್ಯೂಟರಿನಲ್ಲಿ ಅದರ ನಕಲು ಮಾಡಿ, ತಲೆಕೆಳಗು ಮಾಡಿ, ಸ್ವಲ್ಪ ಮಸುಕು ಮಾಡಿ ಕೆಳಗೆ ಅಂಟಿಸಿದೆ. ಹೊಳೆಯುವ ಮೇಜಿನ ಮೇಲೆ ಇಟ್ಟ ಹಾಗೆ ಕಂಡಿತು. ಹತ್ತು ಚಿತ್ರ ಒಂದೇ ಮಧ್ಯಾಹ್ನದಲ್ಲಿ ಮುಗಿದವು. ಕಳಿಸಿಬಿಟ್ಟೆ.

ಮಾರನೆಯ ದಿನ ಸಂಪಾದಕಿಯೇ ಫೋನ್ ಮಾಡಿದರು. ಅವರು ಎಲೆಕ್ಟ್ರಾನಿಕ್ ಸಿಟಿಯ ಆಫೀಸಿನಲ್ಲಿ ಕೂರುವವರು. ಅದುವರೆಗೆ ಮೇಲ್‌ನಲ್ಲಷ್ಟೇ ಪರಿಚಯ. ದನಿ ಏರಿಸಲಿಲ್ಲ.

“ಮೇಡಂ, ಕಾಫಿ ಕಪ್ಪಿನ ಫೋಟೊ ಓಪನ್ ಮಾಡಿ ನೋಡ್ತೀರಾ? ಕಪ್ಪಿನೊಳಗೆ ಕಾಫಿ ಕಾಣ್ತಿದೆ, ಸರಿ. ಕೆಳಗಡೆ ರಿಫ್ಲೆಕ್ಷನ್‌ನಲ್ಲೂ ಕಾಫಿ ಕಾಣ್ತಿದೆ. ಅದು ಹೆಂಗೆ?”

ಫೋಟೊ ತೆರೆದು ನೋಡಿದೆ. ಹೊಳೆಯುವ ಮೇಜು ಕಪ್ಪನ್ನು ಕೆಳಗಿನಿಂದ ನೋಡುತ್ತದೆ. ಅದರಲ್ಲಿ ಕಪ್ಪಿನ ಹೊರಮೈ, ಹಿಡಿಯ ಅಡಿಭಾಗ ಕಾಣಬೇಕು. ಒಳಗಿನ ಕಾಫಿ ಕಾಣುವುದಕ್ಕೆ ಸಾಧ್ಯವೇ ಇಲ್ಲ. ಕಣ್ಣೆದುರಿಗೇ ಇದ್ದದ್ದು ನನಗೆ ಹೊಳೆದಿರಲಿಲ್ಲ. ಅವಸರದಲ್ಲಿ ನೋಡುವುದನ್ನೇ ಬಿಟ್ಟಿದ್ದೆ.

ನಿಜವಾದ ಪ್ರತಿಬಿಂಬ ಎಂದು ಹೇಳಿ ನಕಲಿ ಕಳಿಸಿದ್ದು ನಿಯಮದ ಪ್ರಕಾರ ತಪ್ಪು, ಇದು ಮೊದಲ ಎಚ್ಚರಿಕೆ, ಇನ್ನೊಂದು ಇಂಥದ್ದು ಸಿಕ್ಕಿದರೆ ನನ್ನ ಖಾತೆಯನ್ನೇ ಮುಚ್ಚಬೇಕಾಗುತ್ತದೆ ಎಂದು ಅವರು ಹೇಳಿದರು. ಖಾತೆ ಮುಚ್ಚಿದರೆ ಅಷ್ಟು ವರ್ಷಗಳಿಂದ ನಾನಿಟ್ಟ ಚಿತ್ರಗಳೆಲ್ಲ ಅದರ ಜೊತೆಗೇ ಹೋಗುತ್ತವೆ. ಸರ್ಜಾಪುರದ ಹೂವಿನ ಹೊಲಗಳು, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಕೈಗಳು, ನಾನು ಬಿಸಿಲಲ್ಲಿ ನಿಂತು ತೆಗೆದ ಒಂದೊಂದೂ. ಕ್ಷಮೆ ಕೇಳಿದೆ. ಗಡುವಿಗೆ ಇನ್ನೂ ಹನ್ನೊಂದು ದಿನ ಇದೆ, ಬೇಡವೆನಿಸಿದರೆ ಈ ಸಂಗ್ರಹದಿಂದ ಹಿಂದೆ ಸರಿಯಬಹುದು, ಬೇಜಾರಿಲ್ಲ ಎಂದರು. ಯೋಚಿಸಿ ಹೇಳುತ್ತೇನೆ ಎಂದೆ. ಸರಿಯುವುದೆಂದೇ ಮನಸ್ಸಿನಲ್ಲಿತ್ತು.

ನಮ್ಮ ಮನೆ ಓನರ್ ಇದೇ ಮಹದೇವಪುರದ ಹಳೆಯ ಮನೆತನದವರು. ಹಿಂದೆ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಐದಂತಸ್ತಿನ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರು, ಆ ವಾರ ಅದಕ್ಕೆ ಲಿಫ್ಟ್ ಹಾಕಿಸುತ್ತಿದ್ದರು. ಫೋನ್ ಇಟ್ಟು ಕೆಳಗಿಳಿದು ಬರುವಾಗ ಲಿಫ್ಟ್ ಕೂರಿಸುವ ಮನುಷ್ಯ ಒಳಗಿನ ಸ್ಟೀಲ್ ಗೋಡೆಯ ಮೇಲಿನ ಬಿಳಿ ಪ್ಲಾಸ್ಟಿಕ್ ಹಾಳೆ ಸುಲಿಯುತ್ತಿದ್ದ. ಮೂಲೆಯಿಂದ ಅಗಲವಾದ ಒಂದು ಪಟ್ಟಿ ಎದ್ದು ಬಂದಿತ್ತು, ಹಾಳೆ ಸುಲಿದ ಆ ಜಾಗದಲ್ಲಿ ಮಾತ್ರ ಅವನ ಅರ್ಧ ಮುಖ ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿತ್ತು. ಮಿಕ್ಕ ಅರ್ಧ ಹಾಳೆಯ ಕೆಳಗೆ. ಅಲ್ಲೇ ನಿಂತುಬಿಟ್ಟೆ. ಈ ಶೀಟು ಎಲ್ಲಿಂದ ಬರುತ್ತದೆ ಎಂದು ಕೇಳಿದೆ.

“ಪೀಣ್ಯ, ಅಕ್ಕ. ಅಲ್ಲಿ ಪಾಲಿಶ್ ಮಾಡೋರು ಸಾಲಾಗಿ ಅವ್ರೆ. ಮಿರರ್ ಫಿನಿಶ್ ಅಂತ ಕೇಳಿ, ತೋರಿಸ್ತಾರೆ.”

ಮೆಟ್ಟಿಲ ಮೇಲೆ ಕೂತು ಸಂಪಾದಕಿಗೆ ಮೆಸೇಜ್ ಮಾಡಿದೆ. ಹಿಂದೆ ಸರಿಯುವುದಿಲ್ಲ, ಒಪ್ಪಿಗೆಯಾದ ಆ ಎರಡೂ ಸೇರಿ ಗಾಜಿನ ಕಟ್ಟಡದ ಒಂದು ಚಿತ್ರವೂ ಇರುವುದಿಲ್ಲ, ಕಂಪ್ಯೂಟರಿನಲ್ಲಿ ಮಾಡಿದ ಒಂದು ಬಿಂಬವೂ ಇರುವುದಿಲ್ಲ ಎಂದು. ಬೇರೆಯವರ ಕನ್ನಡಿಗಳ ಮುಂದೆ ಗೇಟಿನಾಚೆ ನಿಲ್ಲುವುದು ಸಾಕು, ಕನ್ನಡಿಯನ್ನು ಮಾಡುವವರ ಹತ್ತಿರವೇ ಹೋಗುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಗರುಡಾಚಾರ್‌ಪಾಳ್ಯದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಪೀಣ್ಯಕ್ಕೆ ಹೋದೆ. ಮೊದಲ ಶೆಡ್ಡಿನವರು ನನ್ನ ಕ್ಯಾಮೆರಾ ನೋಡಿ ಯಾವುದೋ ಇಲಾಖೆಯಿಂದ ತಪಾಸಣೆಗೆ ಬಂದಿದ್ದೇನೆ ಅಂದುಕೊಂಡು ಬಾಗಿಲು ಎಳೆದರು. ಎರಡನೆಯ ಕಡೆ ಧೂಳು ಜಾಸ್ತಿ, ಜಾಗ ಕಡಿಮೆ. ಮೂರನೆಯ ಕಡೆ ಮಾಲೀಕರು ನನ್ನ ಮಾತನ್ನು ಪೂರ್ತಿ ಕೇಳಿ, ಫೋನಿನಲ್ಲಿದ್ದ ನನ್ನ ಹಳೆಯ ಚಿತ್ರಗಳನ್ನು ಒಂದೊಂದಾಗಿ ನೋಡಿ ಒಪ್ಪಿದರು. ಷರತ್ತು ಮೂರು. ಊಟಕ್ಕೆ ಮೆಷಿನ್ ನಿಲ್ಲಿಸುವ ಅರ್ಧ ಗಂಟೆ ಮಾತ್ರ ನನ್ನದು. ಗಿರಾಕಿಗಳ ಶೀಟು ಮುಟ್ಟುವಂತಿಲ್ಲ. ತಮ್ಮ ಬೋರ್ಡು ಎಲ್ಲೂ ಕಾಣಬಾರದು. ಬೋರ್ಡು ಕಾಣದಿರುವುದು ನನಗೂ ಬೇಕಾಗಿದ್ದೇ. ಮೂಲೆಯಲ್ಲಿ ಗೀರು ಬಿದ್ದು ಪಕ್ಕಕ್ಕಿಟ್ಟಿದ್ದ ಒಂದು ಶೀಟನ್ನು ನನಗೆಂದು ಕೊಟ್ಟರು. ಎಂಟಡಿ ಉದ್ದ, ನಾಲ್ಕಡಿ ಅಗಲ.

ಮೊದಲ ದಿನದ ಅರ್ಧ ಗಂಟೆ ಏನೂ ಆಗಲಿಲ್ಲ. ಶೀಟನ್ನು ಗೋಡೆಗೆ ಒರಗಿಸಿ ಎದುರು ನಿಂತೆ. ಅದರಲ್ಲಿ ಕಂಡಿದ್ದು ಛಾವಣಿಯ ಟ್ಯೂಬ್‌ಲೈಟುಗಳ ಬಿಳಿ ಗೆರೆ, ಟ್ರೈಪಾಡು, ನಾನು. ಗಾಜಿನ ಹೊಳಪು ಕಡಿಮೆ ಮಾಡಲು ನಾವು ಲೆನ್ಸಿನ ಮುಂದೆ ಪೋಲರೈಸರ್ ಎಂಬ ಫಿಲ್ಟರ್ ಹಾಕುತ್ತೇವೆ. ಅದನ್ನು ತಿರುಗಿಸಿದೆ, ತಿರುಗಿಸಿದೆ, ಏನೂ ಬದಲಾಗಲಿಲ್ಲ. ಗಾಜಿಗೆ ನಡೆಯುವುದು ಲೋಹಕ್ಕೆ ನಡೆಯುವುದಿಲ್ಲ. ಓದಿ ಗೊತ್ತಿತ್ತು, ಕೈಯಿಂದ ಗೊತ್ತಾಗಿದ್ದು ಅವತ್ತು. ಪಕ್ಕದಿಂದ ಓರೆಯಾಗಿ ತೆಗೆದರೆ ನಾನು ಕಾಣುತ್ತಿರಲಿಲ್ಲ. ಆದರೆ ಎದುರು ನಿಂತವರ ಮುಖ ಮಧ್ಯದಲ್ಲಿ ಉಬ್ಬಿ, ಗಲ್ಲ ಎಳೆದ ಹಾಗೆ ಆಗುತ್ತಿತ್ತು. ತೆಳು ಶೀಟು ಒರಗಿಸಿಟ್ಟರೆ ಬಳಕುತ್ತದೆ.

ಎರಡನೆಯ ದಿನ ಸ್ವಲ್ಪ ಮೊದಲೇ ಹೋಗಿ, ಮೆಷಿನ್ ಓಡುತ್ತಿರುವಾಗಲೇ ಒಂದೆರಡು ತೆಗೆಯಲು ಮಾಲೀಕರನ್ನು ಒಪ್ಪಿಸಿದೆ. ಕ್ಯಾಮೆರಾದ ಪರದೆಯಲ್ಲಿ ಚೆನ್ನಾಗಿ ಕಂಡವು. ಮನೆಗೆ ಬಂದು ದೊಡ್ಡದು ಮಾಡಿದರೆ ಪ್ರತಿ ಅಂಚೂ ಎರಡೆರಡು. ಮೆಷಿನ್ನಿನ ಅದುರಾಟಕ್ಕೆ ಶೀಟು ಕೂದಲೆಳೆಯಷ್ಟು ನಡುಗಿದರೂ ಒಳಗಿನ ಬಿಂಬ ಅದಕ್ಕಿಂತ ಹೆಚ್ಚು ನಡುಗುತ್ತದೆ. ಎರಡು ದಿನ ಹೋಯಿತು, ಒಂದೂ ಚಿತ್ರವಿಲ್ಲ.

ಆ ಶೆಡ್ಡಿನಲ್ಲಿ ಶೀಟನ್ನು ಉಜ್ಜಿ ಹೊಳಪು ಕೊಡುವ ಬಫಿಂಗ್ ಮೆಷಿನ್ ನಡೆಸುವವರು ನಾಲ್ಕು ಜನ ಗಂಡಸರು. ಅವರ ಕೆಲಸ ಮುಗಿದ ಮೇಲೆ ಶೀಟು ಕೊನೆಗೆ ಬರುವುದು ಒಬ್ಬ ಹೆಂಗಸಿನ ಮೇಜಿಗೆ. ಐವತ್ತು ದಾಟಿದವರು, ಅದೇ ಸುತ್ತಿನ ಹಳೆಯ ಊರಿನವರು. ಎಲ್ಲರೂ ಅಕ್ಕ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಪಾಲಿಶಿನ ಎಣ್ಣೆ ಜಿಡ್ಡು ಹೋಗಲು ಶೀಟಿನ ಮೇಲೆ ನುಣುಪಾದ ಬಿಳಿ ಪುಡಿ ಉದುರಿಸಿ, ಹತ್ತಿ ಬಟ್ಟೆಯಲ್ಲಿ ಒರೆಸಿ, ಗೆರೆಯಿದೆಯೇ ಎಂದು ನೋಡಿ, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಕಳಿಸುವುದು ಅವರ ಕೆಲಸ. ಅವರು ಸರಿ ಎನ್ನದೆ ಶೀಟು ಆಚೆ ಹೋಗುತ್ತಿರಲಿಲ್ಲ. ಎರಡು ದಿನವೂ ಅವರು ಊಟ ಮಾಡುತ್ತ ನನ್ನನ್ನೇ ನೋಡುತ್ತಿದ್ದರು. ಮೂರನೆಯ ದಿನ ಡಬ್ಬಿ ಮುಚ್ಚಿ ಎದ್ದು ಬಂದರು.

“ಅದುನ್ನ ನಿಲ್ಸುದ್ರೆ ಒಟ್ಟೆ ಬಿಡ್ತದೆ ಕಣಮ್ಮ. ಮಲಗ್ಸು. ನನ್ ಟೇಬಲ್ ಮ್ಯಾಲೆ ಮಲಗ್ಸು.”

ಅವರ ಮೇಜಿಗೆ ದಪ್ಪ ಫೆಲ್ಟ್ ಬಟ್ಟೆ ಹೊದಿಸಿತ್ತು. ಇಬ್ಬರು ಸೇರಿ ಶೀಟನ್ನು ಅದರ ಮೇಲೆ ಇಳಿಸಿದರು. ಬಳುಕು ನಿಂತುಹೋಯಿತು. ಸಪಾಟಾಗಿ, ನೀರಿನ ಹಾಗೆ ಮಲಗಿತು. ನಾನು ಮೇಜಿನ ಈಚೆ ಬದಿಗೆ ಕ್ಯಾಮೆರಾವನ್ನು ಶೀಟಿನ ಮಟ್ಟಕ್ಕಿಂತ ಸ್ವಲ್ಪವೇ ಮೇಲಿಟ್ಟೆ. ಅಕ್ಕ ಆಚೆ ಬದಿಗೆ ನಿಂತು ತಮ್ಮ ಕೆಲಸ ಶುರು ಮಾಡಿದರು. ಕ್ಯಾಮೆರಾ ಓರೆಯಾಗಿ ನೋಡುತ್ತಿದ್ದರಿಂದ ಅದರಲ್ಲಿ ನಾನಿರಲಿಲ್ಲ, ಟ್ಯೂಬ್‌ಲೈಟ್ ಇರಲಿಲ್ಲ. ಅಕ್ಕನ ಹಿಂದಿನ ಗೋಡೆ ಮಾತ್ರ ಇತ್ತು, ಅದರ ಮೇಲೆ ದೇವರ ಕ್ಯಾಲೆಂಡರು. ಆ ಚಿತ್ರ ಯಾರೋ ಬರೆದದ್ದು, ಅದೂ ನನ್ನ ಫೋಟೊದಲ್ಲಿ ಬರುವಂತಿಲ್ಲ. ಅದನ್ನು ಹಿಂದುಮುಂದಾಗಿ ತಿರುಗಿಸಬಹುದೇ ಎಂದು ಕೇಳಿದೆ. ದೇವರ ಮುಖ ಗೋಡೆಗೆ ಮಾಡುವುದೇ ಎಂದು ಅಕ್ಕ ನನ್ನನ್ನು ಒಂದು ಸಲ ನೋಡಿ, ಕೈ ತೊಳೆದು ಬಂದು, ತಾವೇ ಕ್ಯಾಲೆಂಡರನ್ನು ಎರಡೂ ಕೈಯಲ್ಲಿ ಹಿಡಿದು ಆಫೀಸಿನ ಕೋಣೆಯಲ್ಲಿ ಇಟ್ಟು ಬಂದರು. ಆ ಜಾಗಕ್ಕೆ ನಾನು ಕಪ್ಪು ಬಟ್ಟೆ ಕಟ್ಟಿದೆ. ಬೆಳಕು ಮೃದುವಾಗಲಿ ಎಂದು ಮೇಲೆ ಅವರದೇ ಬಿಳಿ ಪ್ಲಾಸ್ಟಿಕ್ ಹಾಳೆಯನ್ನು ಹಗ್ಗಕ್ಕೆ ಎಳೆದು ಕಟ್ಟಿದೆ.

ಅವತ್ತು ಚಿತ್ರಗಳು ಸಿಕ್ಕವು. ಶೀಟಿನ ಮೇಲೆ ಇಟ್ಟ ಟೀ ಲೋಟ, ಅದರ ತಳ ಬಿಂಬದಲ್ಲಿ ಅಂಚಿಗೆ ಅಂಚು ಕೂಡಿಕೊಂಡಿತ್ತು. ಮೆಷಿನ್ ನಡೆಸುವವರ ಕೈಗವಸು, ಕಣ್ಣು ಕಾಯುವ ಕನ್ನಡಕ, ಬೋಲ್ಟುಗಳ ಸಾಲು. ಎಲ್ಲ ಸ್ವಚ್ಛವಾಗಿದ್ದವು. ಆದರೆ ಸಂಗ್ರಹಕ್ಕೆ ಮುಖವಾಗುವ ಒಂದು ಚಿತ್ರ ಬೇಕಿತ್ತು, ಅದು ಅಕ್ಕನದೇ ಎಂದು ನನಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಬಿಳಿ ಪುಡಿ ಹರಡಿ ಮಂಕಾದ ಶೀಟು, ಅದರ ಮೇಲೆ ಬಟ್ಟೆ ಒಂದು ಸಲ ಎಳೆದಾಗ ಮೂಡುವ ತಿಳಿಯಾದ ಪಟ್ಟಿ, ಆ ಪಟ್ಟಿಯೊಳಗೆ ಅವರ ಮುಖ.

ಅಕ್ಕ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಫೋಟೊ ಎಷ್ಟು ಬೇಕಾದರೂ ತೆಗೆದುಕೋ, ಸಹಿ ಮಾತ್ರ ಕೇಳಬೇಡ ಎಂದರು. ಕಾರಣ ಕೇಳಿದಾಗ ಶೆಡ್ಡಿನ ನೆಲ ತೋರಿಸಿ, ಇದು ಹಿಂದೆ ತಮ್ಮ ಹೊಲ ಎಂದರು.

“ನಮ್ಮಪ್ಪ ಏನೈತೆ ಅಂತ ತಿಳೀದೆ ಒಂದ್ ಕಾಗ್ದಕ್ಕೆ ಎಬ್ಬೆಟ್ಟು ಒತ್ತಿದ್ದ. ಅದ್ರಾಗೆ ಏನ್ ಬರ್ದಿತ್ತು ಅಂತ ನಮ್ಗೆ ಗೊತ್ತಾಗಿದ್ದು ಬೇಲಿ ಆಕ್ದಾಗ. ನಾನು ಓದ್ದೇ ಇರೋ ಕಾಗ್ದಕ್ಕೆ ಸೈನ್ ಆಕಾಕಿಲ್ಲ.”

ಅವರು ಹೇಳಿದ್ದು ನ್ಯಾಯವಾಗಿತ್ತು. ನನ್ನ ಪತ್ರ ಇದ್ದದ್ದು ಎರಡು ಪುಟ ಸಣ್ಣಕ್ಷರದ ಇಂಗ್ಲಿಷಿನಲ್ಲಿ. ಅದುವರೆಗೆ ಎಷ್ಟೋ ಜನರಿಗೆ ‘ಫೋಟೊಗೆ ಒಪ್ಪಿಗೆ ಅಷ್ಟೇ’ ಎಂದು ಬಾಯಿಮಾತಲ್ಲಿ ಹೇಳಿ ಸಹಿ ಹಾಕಿಸಿಕೊಂಡಿದ್ದೆ. ಆ ಸಂಜೆ ಮನೆಯಲ್ಲಿ ಕೂತು ಅಷ್ಟನ್ನೂ ಕನ್ನಡಕ್ಕೆ ತಂದು ದಪ್ಪ ಅಕ್ಷರದಲ್ಲಿ ಬರೆದೆ. ಎಷ್ಟು ಕಡೆ ನನಗೇ ಅರ್ಥ ಗೊತ್ತಿರಲಿಲ್ಲ ಎಂಬುದು ಬರೆಯುವಾಗ ತಿಳಿಯಿತು.

ನಾಲ್ಕನೆಯ ದಿನದ ಅರ್ಧ ಗಂಟೆ ಓದುವುದರಲ್ಲೇ ಹೋಯಿತು. ಅಕ್ಕ ಬೆರಳಿಟ್ಟು ತಾವೇ ನಿಧಾನವಾಗಿ ಓದಿದರು. ‘ಯಾವುದೇ ಉದ್ದೇಶಕ್ಕೆ’ ಎಂಬಲ್ಲಿ ಬೆರಳು ನಿಂತಿತು.

“ಯಾವ್ದೇ ಅಂದ್ರೆ? ಎಂಡದ್ ಅಂಗ್ಡಿಗೂನಾ?”

ಕೊಂಡವರು ಹಾಕಿದರೆ ಹಾಕಬಹುದು ಎಂದು ನಿಜ ಹೇಳಿದೆ. ಹಾಗಿದ್ದರೆ ಬೇಡ ಎಂದರು. ಅಲ್ಲೇ ನಿಂತು ಸಂಪಾದಕಿಗೆ ಫೋನ್ ಮಾಡಿದೆ. ಚಿತ್ರ ಏರಿಸುವಾಗ ಕೊನೆಯಲ್ಲಿ ಒಂದು ಗುರುತು ಹಾಕುವ ಚೌಕವಿದೆ, ಅದನ್ನು ಒತ್ತಿದರೆ ಮದ್ಯ, ತಂಬಾಕು, ರೋಗ, ರಾಜಕೀಯ ಇಂಥ ಬಳಕೆಗೆ ಆ ಚಿತ್ರ ಸಿಗುವುದಿಲ್ಲ ಎಂದರು. ಗಿರಾಕಿಗಳು ಕಡಿಮೆಯಾಗುತ್ತಾರೆಂದು ಯಾರೂ ಒತ್ತುವುದಿಲ್ಲವಂತೆ. ಆ ಸಾಲನ್ನು ಕನ್ನಡ ಪ್ರತಿಯಲ್ಲಿ ಕೈಯಿಂದ ಬರೆದು, ಪಕ್ಕದಲ್ಲಿ ನಾನು ಮೊದಲು ಸಹಿ ಹಾಕಿದೆ. ಅಕ್ಕ ಮತ್ತೊಮ್ಮೆ ಓದಿ, ತಮ್ಮ ಪೂರ್ತಿ ಹೆಸರನ್ನು, ತಂದೆಯ ಹೆಸರು ಸಮೇತ, ಬಿಡಿಸಿ ಬಿಡಿಸಿ ಬರೆದರು. ಕನ್ನಡ ಪ್ರತಿಯನ್ನು ಮಡಚಿ ಊಟದ ಚೀಲದಲ್ಲಿಟ್ಟುಕೊಂಡರು. ಅವತ್ತು ಒಂದೂ ಫೋಟೊ ತೆಗೆಯಲಿಲ್ಲ. ಆದರೂ ಮೆಟ್ರೊದಲ್ಲಿ ವಾಪಸ್ ಬರುವಾಗ ಮನಸ್ಸು ಹಗುರವಾಗಿತ್ತು.

ಐದನೆಯ ದಿನ ಇನ್ನೊಂದು ತೊಡಕು ಎದುರಾಯಿತು. ಕನ್ನಡಿಯಲ್ಲಿನ ಮುಖ ಕನ್ನಡಿಯ ಮೈಮೇಲೆ ಇರುವುದಿಲ್ಲ. ಮುಖ ಎಷ್ಟು ದೂರ ಮೇಲಿದೆಯೋ ಬಿಂಬ ಅಷ್ಟೇ ದೂರ ಒಳಗಿರುತ್ತದೆ. ಅಕ್ಕ ನಿಂತು ಒರೆಸುವಾಗ ಮುಖ ಶೀಟಿನಿಂದ ಮೂರಡಿ ಮೇಲೆ. ಮುಖಕ್ಕೆ ಫೋಕಸ್ ಮಾಡಿದರೆ ಶೀಟಿನ ಮೇಲಿನ ಪುಡಿ ಮಬ್ಬು, ಪುಡಿಗೆ ಮಾಡಿದರೆ ಮುಖ ಮಬ್ಬು. ಲೆನ್ಸಿನ ಕಿಂಡಿಯನ್ನು ಆದಷ್ಟು ಕಿರಿದು ಮಾಡಿದೆ. ಬೆಳಕು ಸಾಲದೆ ಒರೆಸುವ ಕೈ ಮಸುಕಾಯಿತು. ಎರಡು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಸೇರಿಸುವ ದಾರಿಯೊಂದಿದೆ. ಆದರೆ ಕಂಪ್ಯೂಟರಿನಲ್ಲಿ ಏನನ್ನೂ ಸೇರಿಸುವುದಿಲ್ಲ ಎಂದು ಬರೆದು ಕೊಟ್ಟಾಗಿತ್ತು.

ಇಪ್ಪತ್ತು ನಿಮಿಷ ಕಳೆಯಿತು. ಪರದೆಯನ್ನು ಅಕ್ಕನಿಗೆ ತೋರಿಸಿ, ಪುಡಿ ಮಬ್ಬಾಗಿರುವುದನ್ನು ಹೇಳಿದೆ. ಅವರಿಗೆ ನನ್ನ ಫೋಕಸ್ಸಿನ ಮಾತು ಬೇಕಿರಲಿಲ್ಲ. ಇಷ್ಟು ದೂರ ನಿಂತು ನೋಡಿದರೆ ಯಾರಿಗೆ ಏನು ಕಂಡೀತು ಎಂಬ ಹಾಗೆ ತಲೆಯಾಡಿಸಿದರು.

“ನಾನು ಗೆರೆ ನೋಡೋದು ಅಂಗಲ್ಲ. ಇಂಗೆ ನೋಡು.”

ಪುಡಿಯ ಮೇಲೆ ಬಟ್ಟೆ ಒಂದು ಸಲ ಎಳೆದು, ಸೊಂಟದಿಂದ ಬಗ್ಗಿ, ಮುಖವನ್ನು ಶೀಟಿಗೆ ಒಂದು ಗೇಣು ಹತ್ತಿರ ತಂದರು. ಉಸಿರು ಬಿಗಿ ಹಿಡಿದರು, ಬಿಸಿಯುಸಿರು ತಾಗಿದರೆ ಶೀಟು ಮಂಜಾಗುತ್ತದೆ. ಕಣ್ಣು ಕಿರಿದು ಮಾಡಿ ಆ ಪಟ್ಟಿಯ ಉದ್ದಕ್ಕೂ ನೋಡುತ್ತ ಹೋದರು. ಮೂರಡಿಯ ದೂರ ಈಗ ಒಂದು ಗೇಣಾಗಿತ್ತು. ಪುಡಿ, ಬಟ್ಟೆ, ಕೈ, ಒಳಗಿನ ಮುಖ, ಎಲ್ಲವೂ ಒಂದೇ ಫೋಕಸ್ಸಿನೊಳಗೆ ಬಂದವು. ಉಸಿರು ಹಿಡಿದದ್ದರಿಂದ ಅವರ ಮೈ ಕಲ್ಲಿನ ಹಾಗೆ ಅಲುಗದೆ ನಿಂತಿತ್ತು. ಹನ್ನೊಂದು ಸಲ ಶಟರ್ ಒತ್ತಿದೆ. ಏಳನೆಯದರಲ್ಲಿ ಅವರ ಕಣ್ಣು ಏನನ್ನೋ ಕಂಡು ಹಿಡಿದ ಹಾಗಿತ್ತು. ನಿಜವಾಗಿ ಒಂದು ಸಣ್ಣ ಗೆರೆ ಸಿಕ್ಕಿತ್ತಂತೆ.

ಅದೇ ಚಿತ್ರ ಎಂದು ನನಗೆ ಆ ಕ್ಷಣಕ್ಕೇ ಗೊತ್ತಾಯಿತು. ಅಕ್ಕನಿಗೆ ತೋರಿಸಿದೆ. ನೋಡಿ, “ಬಟ್ಟೆ ಸ್ವಲ್ಪ ಕೊಳೆ ಆಗೈತೆ” ಎಂದಷ್ಟೇ ಅಂದರು.

ಉಳಿದ ದಿನಗಳಲ್ಲಿ ಮಿಕ್ಕವನ್ನು ಮುಗಿಸಿದೆ. ಪ್ರತಿ ಚಿತ್ರವನ್ನೂ ಬಿಂಬದೊಳಗೆ ಎಲ್ಲಾದರೂ ಅಕ್ಷರವಿದೆಯೇ ಎಂದು ಮೂಲೆ ಮೂಲೆ ನೋಡಿದೆ. ಒಂದರಲ್ಲಿ ಒಬ್ಬರ ಅಂಗಿಯ ಜೇಬಿನ ಮೇಲಿನ ಸಣ್ಣ ಹೆಸರು ಸಿಕ್ಕಿತು, ಆ ಚಿತ್ರ ಬಿಟ್ಟೆ. ಕೆಲಸ ಮಾಡಿದವರಿಗೆಲ್ಲ ಸಂಭಾವನೆ ಕೊಟ್ಟು, ಎಲ್ಲರಿಂದಲೂ ಕನ್ನಡ ಪತ್ರದ ಮೇಲೇ ಸಹಿ ಪಡೆದು, ಗಡುವಿಗೆ ಎರಡು ದಿನ ಮೊದಲು ಮೂವತ್ತನ್ನೂ ಕಳಿಸಿದೆ.

ಮಾರನೆಯ ಬೆಳಿಗ್ಗೆ ಇಪ್ಪತ್ತೊಂಬತ್ತು ಒಪ್ಪಿಗೆಯಾಗಿದ್ದವು. ಅಕ್ಕನ ಚಿತ್ರದ ಮೇಲೆ ಕೆಂಪು ಗುರುತಿತ್ತು. ‘ಪ್ರತಿಬಿಂಬ ಕೃತಕವೆಂಬ ಅನುಮಾನ. ಖಾತೆ ಪರಿಶೀಲನೆಯಲ್ಲಿದೆ.’ ಪರಿಶೀಲಕರಿಗಿಂತ ಮೊದಲು ತಪಾಸಣೆ ಮಾಡುವುದು ಸಂಸ್ಥೆಯ ಕಂಪ್ಯೂಟರ್. ಅಷ್ಟು ಸ್ವಚ್ಛವಾದ ಬಿಂಬ, ಜೊತೆಗೆ ನನ್ನ ಖಾತೆಯ ಮೇಲಿದ್ದ ಹಳೆಯ ಎಚ್ಚರಿಕೆ, ಎರಡನ್ನೂ ಕೂಡಿಸಿ ಅದು ತೀರ್ಮಾನಕ್ಕೆ ಬಂದಿತ್ತು. ಸುಳ್ಳು ಹೇಳಿದಾಗ ಸಿಕ್ಕಿಬಿದ್ದದ್ದಕ್ಕಿಂತ ನಿಜ ಹೇಳುವಾಗ ನಂಬದಿರುವುದು ಹೆಚ್ಚು ನೋಯಿಸಿತು. ಆದರೆ ನಂಬದಿರಲು ಕಾರಣ ಕೊಟ್ಟವಳೂ ನಾನೇ.

ಆಮೇಲೆ ಮೂಲ ಫೈಲನ್ನು ತೆರೆದು ಪೂರ್ತಿ ದೊಡ್ಡದು ಮಾಡಿದೆ. ಮೇಲೆ ಅಕ್ಕನ ನಿಜವಾದ ಕೈ, ಕೆಳಗೆ ಬಿಂಬದ ಕೈ. ಒಂದೊಂದು ಬೆರಳನ್ನೂ ಹೋಲಿಸುತ್ತ ಬಂದೆ. ಮಣಿಕಟ್ಟಿನ ಹತ್ತಿರ ಕಣ್ಣು ನಿಂತಿತು. ಬಿಂಬದಲ್ಲಿ ಅವರ ಮಣಿಕಟ್ಟಿನ ಅಡಿಭಾಗದಲ್ಲಿ ಅರ್ಧಚಂದ್ರದ ಹಾಗೆ ಒಂದು ಹಳೆಯ ಸುಟ್ಟ ಕಲೆ. ಮೇಲಿನ ನಿಜವಾದ ಕೈಯಲ್ಲಿ ಅದು ಕಾಣುವುದೇ ಇಲ್ಲ, ಕ್ಯಾಮೆರಾ ಇದ್ದ ಕಡೆಯಿಂದ ಕಾಣಲು ಸಾಧ್ಯವೂ ಇಲ್ಲ. ಅಷ್ಟು ದಿನ ಎದುರಿಗಿದ್ದ ನನಗೇ ಆ ಕಲೆ ಗೊತ್ತಿರಲಿಲ್ಲ. ಮೇಲಿನದನ್ನು ತಲೆಕೆಳಗು ಮಾಡಿ ಅಂಟಿಸಿದ್ದರೆ ಆ ಕಲೆ ಎಲ್ಲಿಂದ ಬರಬೇಕು?

ಅಕ್ಕನಿಗೆ ಫೋನ್ ಮಾಡಿ ಕೇಳಿದೆ. ಈ ಕೆಲಸಕ್ಕೆ ಸೇರಿದ ವರ್ಷ, ಆಗಷ್ಟೇ ಮೆಷಿನ್ನಿಂದ ಬಂದ ಬಿಸಿ ಶೀಟಿನ ಅಂಚಿಗೆ ಕೈ ತಾಗಿ ಆದದ್ದು, ಈಗ್ಯಾಕೆ ಅದು ಎಂದರು. ಯಾಕೆಂದು ಹೇಳಿದೆ. ಕಲೆಯ ಫೋಟೊ ಬೇಕಾದರೆ ಕಳಿಸುತ್ತೇನೆ ಎಂದು, ಐದು ನಿಮಿಷದಲ್ಲಿ ಮಣಿಕಟ್ಟು ಮೇಲಕ್ಕೆ ತಿರುಗಿಸಿ ತೆಗೆಸಿ ಕಳಿಸಿದರು.

ಹನ್ನೊಂದು ಮೂಲ ಫೈಲುಗಳು, ಕಲೆಯ ಜಾಗಕ್ಕೆ ಸುತ್ತು ಹಾಕಿದ ಪ್ರತಿ, ಅಕ್ಕ ಕಳಿಸಿದ ಚಿತ್ರ, ಎಲ್ಲವನ್ನೂ ಸಂಪಾದಕಿಗೆ ಕಳಿಸಿದೆ. ವಿವರಣೆ ಮೂರೇ ಸಾಲು. ಕ್ಷಮೆಯ ಮಾತು ಈ ಸಲ ಬರೆಯಲಿಲ್ಲ. ಮಧ್ಯಾಹ್ನ ಅವರ ಫೋನ್ ಬಂತು.

“ನೋಡಿದೆ ಮೇಡಂ. ನಮ್ಮ ಟೀಮ್ ಪೂರ್ತಿ ನನ್ನ ಸ್ಕ್ರೀನ್ ಹಿಂದೆ ನಿಂತ್ಕೊಂಡು ನೋಡ್ತು. ಅಪ್ರೂವ್ ಮಾಡಿದೀನಿ. ಹಳೇ ವಾರ್ನಿಂಗೂ ತೆಗೆಸಿದೀನಿ. ಇಡೀ ಕಲೆಕ್ಷನ್‌ಗೆ ಇದೇ ಮೊದಲನೇ ಪೇಜು.”

ಫೋನಿಟ್ಟು ಮಹಡಿಗೆ ಹೋದೆ. ಯಾರೂ ಇರಲಿಲ್ಲ. ಒಂದು ಸಲ ಜೋರಾಗಿ ಕೂಗಿದೆ. ಪಕ್ಕದ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವರು ಏನಾಯಿತು ಎಂದು ಇಣುಕಿ ನೋಡಿದರು. ಒಳ್ಳೆ ಸುದ್ದಿ ಎಂದೆ. ಅವರೂ ನಕ್ಕರು. ಸಂಗ್ರಹ ತೆರೆದ ದಿನ ಮೊದಲ ಪುಟದಲ್ಲಿ ಅಕ್ಕ ಇದ್ದರು. ಕೆಲಸಕ್ಕೆ ಬಗ್ಗಿದ ಆ ಮುಖ, ಹಿಡಿದ ಉಸಿರು, ಕಿರಿದಾದ ಕಣ್ಣು. ಆಹ್ವಾನ ಪಡೆದ ಉಳಿದವರಲ್ಲಿ ಬಹಳ ಜನ ಗಾಜಿನ ಕಟ್ಟಡಗಳನ್ನೇ ಕೊಟ್ಟಿದ್ದರು. ಅವು ಒಂದರ ಪಕ್ಕ ಒಂದು ನಿಂತಾಗ ಯಾವುದು ಯಾರದೆಂದು ಗೊತ್ತಾಗುತ್ತಿರಲಿಲ್ಲ.

ಸುಮಾರು ಎರಡು ತಿಂಗಳಾದ ಮೇಲೆ ಸಂಪಾದಕಿ ಒಂದು ಫೋಟೊ ಕಳಿಸಿದರು. ಬೇರೆ ದೇಶದ ಒಂದು ತಾಂತ್ರಿಕ ಶಾಲೆಯವರು ಆ ಚಿತ್ರವನ್ನು ಕೊಂಡು, ತಮ್ಮ ವರ್ಕ್‌ಶಾಪಿನ ಗೋಡೆಗೆ ಆಳೆತ್ತರಕ್ಕೆ ಅಂಟಿಸಿ, ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡಿದ್ದರು. ನೀಲಿ ಕೋಟು ಹಾಕಿದ ಹುಡುಗ ಹುಡುಗಿಯರ ಎರಡು ಸಾಲು, ಅವರ ಹಿಂದೆ ಗೋಡೆಯ ತುಂಬ ಅಕ್ಕನ ಕೈ, ಬಟ್ಟೆ, ಮುಖ.

ಅವತ್ತೇ ಪೀಣ್ಯಕ್ಕೆ ಹೋದೆ. ಊಟದ ಹೊತ್ತು. ಮೆಷಿನ್ ನಿಂತಿತ್ತು. ಅಕ್ಕ ಕೈ ಒರೆಸಿಕೊಂಡು ನನ್ನ ಫೋನ್ ತೆಗೆದುಕೊಂಡು ಬಾಗಿಲ ಬೆಳಕಿಗೆ ಹೋದರು. ತಮ್ಮ ಮುಖವನ್ನು ಹೆಚ್ಚು ಹೊತ್ತು ನೋಡಲಿಲ್ಲ. ಮುಂದೆ ನಿಂತ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನೋಡಿದರು.

“ಇವ್ರೆಲ್ಲ ಕೆಲ್ಸ ಕಲಿಯೋ ಮಕ್ಳಾ?”

ಹೌದು ಎಂದೆ. ಮೆಷಿನ್ನಿನ ಕೆಲಸ, ಲೋಹದ ಕೆಲಸ ಎಲ್ಲ ಅಲ್ಲಿ ಕಲಿಸುತ್ತಾರಂತೆ ಎಂದೆ.

“ಅಂಗಾದ್ರೆ ಸರಿಯಾದ್ ಜಾಗ್ದಾಗೇ ಆಕವ್ರೆ” ಎಂದು ಹೇಳಿ, ಫೋನನ್ನು ನನಗೆ ವಾಪಸ್ ಕೊಡದೆ, ಊಟಕ್ಕೆ ಕೂತಿದ್ದ ನಾಲ್ವರಿಗೂ, ಆಮೇಲೆ ಆಫೀಸಿನ ಕೋಣೆಯಲ್ಲಿದ್ದ ಮಾಲೀಕರಿಗೂ ತಾವೇ ಒಯ್ದು ತೋರಿಸಿದರು.